ನೆಲದಡಿಯ ಗಾಳಿ ಹಿಡಿದು ಮಾಲಿನ್ಯ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಬೇರೆ ಬೇರೆ ಜನರಿಂದ ಬಂದವು. ಪೆಟ್ರೋಲ್ ಬಂಕ್ ಪಕ್ಕದ ಮನೆಯವರು, ಸೈಟ್ ಕೊಳ್ಳಲು ಹೊರಟವರು, ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ಕೊಳ್ಳಲಿರುವ ಮನೆಯ ಕಾಗದ ಓದಿ ಗಾಬರಿಯಾದ ತಂದೆತಾಯಿ, ಪರಿಸರ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು. ಸುಲಭದವು ಮೊದಲಿವೆ, ಗಟ್ಟಿಯವು ಕೊನೆಗಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿಯಬೇಕಾದದ್ದು

ಮಣ್ಣಿನೊಳಗೆ ಗಾಳಿ ಇರುತ್ತಾ? ಅದು ನಾವು ಉಸಿರಾಡೋ ಗಾಳಿ ಥರಾನೇನಾ?

ಇರುತ್ತದೆ, ಅದೂ ಸಾಕಷ್ಟು. ಮಣ್ಣಿನ ಕಣಗಳ ನಡುವೆ ಸಂದುಗಳಿವೆ. ಸಾಮಾನ್ಯವಾಗಿ ಮಣ್ಣಿನ ಒಟ್ಟು ಗಾತ್ರದಲ್ಲಿ ಶೇ 30ರಿಂದ 50ರಷ್ಟು ಸಂದುಗಳೇ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅವುಗಳಲ್ಲಿ ನೀರು ತುಂಬಿರುತ್ತದೆ. ಅದರ ಮೇಲಿನ ಪದರದಲ್ಲಿ ಸ್ವಲ್ಪ ತೇವ, ಉಳಿದದ್ದೆಲ್ಲ ಗಾಳಿ.

ಆದರೆ ಅದು ಹೊರಗಿನ ಗಾಳಿಯಂಥದ್ದಲ್ಲ. ಬೇರುಗಳೂ ಸೂಕ್ಷ್ಮಜೀವಿಗಳೂ ಅಲ್ಲಿ ಉಸಿರಾಡುತ್ತಿರುತ್ತವೆ. ಹಾಗಾಗಿ ಆಮ್ಲಜನಕ ಶೇ 21ಕ್ಕಿಂತ ಕಮ್ಮಿ. ಇಂಗಾಲದ ಡೈಆಕ್ಸೈಡ್ ಹೊರಗೆ ಶೇ 0.04ರಷ್ಟಿದ್ದರೆ ಒಳಗೆ ಅದರ ಹತ್ತಾರು ಪಟ್ಟು. ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುವ ರೂಢಿ ನಮ್ಮ ಕಡೆ ಇತ್ತು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಆ ಕೆಟ್ಟ ಗಾಳಿ ಬಹಳ ಸಲ ಸುತ್ತಲ ಮಣ್ಣಿನಿಂದಲೇ ಬಾವಿಗೆ ಸೇರಿದ್ದು. ಈಗ ಮಾತ್ರ ದೀಪದ ಪರೀಕ್ಷೆ ಬೇಡವೇ ಬೇಡ. ಕೆಳಗೆ ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತದೆ. ಆಮ್ಲಜನಕ ಅಳೆಯುವ ಮೀಟರ್ ಇಳಿಬಿಡಿ.

ವಿಷ ಇರೋದು ನೀರಲ್ಲೋ ಮಣ್ಣಲ್ಲೋ. ಅದು ಗಾಳಿಗೆ ಹೇಗೆ ಬರುತ್ತೆ?

ಎಲ್ಲ ವಿಷವೂ ಬರುವುದಿಲ್ಲ. ಸುಲಭವಾಗಿ ಆವಿಯಾಗುವಂಥದ್ದು ಮಾತ್ರ ಬರುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲ್ವೀನ್, ಕ್ಸೈಲೀನ್ ಅಂಥವು. ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೆಗೆಯಲು ಬಳಸಿದ ಟ್ರೈಕ್ಲೋರೋಎಥಿಲೀನ್, ಡ್ರೈ ಕ್ಲೀನಿಂಗ್ ಅಂಗಡಿಗಳ ಪರ್‌ಕ್ಲೋರೋಎಥಿಲೀನ್ ಕೂಡ ಅಂಥವೇ. ಇವು ನೀರಿನಲ್ಲಿ ಕರಗಿದ್ದರೂ ಒಂದು ಪಾಲು ನೀರನ್ನು ಬಿಟ್ಟು ಪಕ್ಕದ ಗಾಳಿಗೆ ಸೇರುತ್ತದೆ. ಎಷ್ಟು ಸೇರುತ್ತದೆ ಅನ್ನುವುದಕ್ಕೆ ಹೆನ್ರಿಯ ನಿಯಮ ಅಂತ ಒಂದು ಲೆಕ್ಕವಿದೆ.

ಒಂದು ಲೀಟರ್ ಅಂತರ್ಜಲದಲ್ಲಿ 100 ಮೈಕ್ರೋಗ್ರಾಂ ಟ್ರೈಕ್ಲೋರೋಎಥಿಲೀನ್ ಇದೆ ಅಂದುಕೊಳ್ಳಿ. 25 ಡಿಗ್ರಿ ಶಾಖದಲ್ಲಿ ಆ ನೀರಿಗೆ ತಾಗಿದ ಒಂದು ಲೀಟರ್ ಗಾಳಿಯಲ್ಲಿ ಸುಮಾರು 40 ಮೈಕ್ರೋಗ್ರಾಂ ಇರುತ್ತದೆ. ಘನ ಮೀಟರ್ ಲೆಕ್ಕಕ್ಕೆ ತಿರುಗಿಸಿದರೆ 40,000. ಮೇಲೆ ಬರುತ್ತಾ ಬರುತ್ತಾ ಇದು ಬಹಳ ಕಮ್ಮಿಯಾಗುತ್ತದೆ. ಆದರೂ ಪ್ರಯೋಗಾಲಯದ ಯಂತ್ರ ಹಿಡಿಯುವಷ್ಟು ಉಳಿದಿರುತ್ತದೆ. ಈ ಕೆಲಸ ನಿಂತಿರುವುದೇ ಅದರ ಮೇಲೆ.

ಪೀಣ್ಯದ ಬೋರ್‌ವೆಲ್ ನೀರು ಹಳದಿ ಬರುತ್ತೆ ಅಂತಾರೆ. ಅಲ್ಲೂ ಮಣ್ಣಿನ ಗಾಳಿ ಪರೀಕ್ಷೆ ಮಾಡಬಹುದಲ್ವಾ?

ಮಾಡಬಹುದು, ಆದರೆ ಆ ಹಳದಿಯ ವಿಷಯ ಅದರಿಂದ ಗೊತ್ತಾಗುವುದಿಲ್ಲ. ಪೀಣ್ಯದಲ್ಲಿ ಹೆಸರಾಗಿರುವುದು ಕ್ರೋಮಿಯಂ. ಲೋಹಲೇಪನದ ಘಟಕಗಳಿಂದ ಬರುವ ಈ ಲೋಹ ಆವಿಯಾಗುವುದಿಲ್ಲ. ಸೀಸ, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಕೂಡ ಹಾಗೆಯೇ. ಅವಕ್ಕೆ ನೀರು ಮತ್ತು ಮಣ್ಣಿನ ಪರೀಕ್ಷೆಯೇ ಬೇಕು. ಲೋಹಗಳಲ್ಲಿ ಪಾದರಸ ಒಂದು ಬೇರೆ, ಅದು ಆವಿಯಾಗುತ್ತದೆ. ಇನ್ನು ಲೋಹಲೇಪನಕ್ಕೆ ಮುಂಚೆ ಬಿಡಿಭಾಗಗಳ ಜಿಡ್ಡು ತೆಗೆಯಲು ಯಾವ ಸಾಲ್ವೆಂಟ್ ಬಳಸಿದ್ದರು ಅನ್ನುವ ಪ್ರಶ್ನೆ ಎಲ್ಲ ಕೈಗಾರಿಕಾ ಪ್ರದೇಶಕ್ಕೂ ಉಂಟು. ಅದಕ್ಕೆ ಉತ್ತರ ಹುಡುಕಲು ಮಣ್ಣಿನ ಗಾಳಿ ಒಳ್ಳೆ ದಾರಿ.

ಸುಮ್ನೆ ನೀರು ಪರೀಕ್ಷೆ ಮಾಡಿಸಿದ್ರೆ ಸಾಕಲ್ವಾ? ಇದೆಲ್ಲ ಯಾಕೆ?

ನೀರಿನ ಪರೀಕ್ಷೆ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಟ್ಯಾಂಕಿನಿಂದ ಸೋರಿದ್ದು ನೀರಿಗೆ ಇಳಿಯಲು ಕಾಲ ಬೇಕು. ಬೆಂಗಳೂರಿನ ಬೋರ್‌ವೆಲ್‌ಗಳು ಎಷ್ಟು ಆಳ ಅಂತ ಗೊತ್ತೇ ಇದೆ. ನೂರಾರು ಅಡಿ ಕೆಳಗಿನ ನೀರಿನಲ್ಲಿ ಏನೂ ಸಿಗದಿದ್ದರೂ ಹತ್ತಡಿ ಆಳದಲ್ಲಿ ಪೆಟ್ರೋಲಿನ ಆವಿ ತುಂಬಿರಬಹುದು. ಮಣ್ಣಿನ ಗಾಳಿ ನೋಡಿದರೆ ಸೋರಿಕೆ ಬೇಗ ಗೊತ್ತಾಗುತ್ತದೆ.

ಎರಡನೆಯ ಕಾರಣ ಖರ್ಚು. ಒಂದು ಹೊಸ ಬೋರ್ ಕೊರೆಸುವ ದುಡ್ಡಿನಲ್ಲಿ ಅಂಗಳದ ಉದ್ದಗಲಕ್ಕೂ ಗಾಳಿಯ ಮಾದರಿ ತೆಗೆಯಬಹುದು. ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ನಕ್ಷೆ ಬಿಡಿಸಿ, ಆಮೇಲೆ ಸರಿಯಾದ ಜಾಗದಲ್ಲಿ ಬೋರ್ ಕೊರೆಯಬಹುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆ ನೀರು ಕುಡಿಯದವರ ಮನೆಗೂ ಆವಿ ನುಗ್ಗುತ್ತದೆ. ನೀರು ಬೇರೆ ಕಡೆಯಿಂದ ತರಿಸಬಹುದು, ಉಸಿರು ತರಿಸಲಾಗುವುದಿಲ್ಲ.

ವಾಸನೆನೇ ಬರ್ತಿಲ್ಲ. ಅಂದ್ಮೇಲೆ ತೊಂದರೆ ಇಲ್ಲ ತಾನೆ?

ಹಾಗೆ ನಂಬಬೇಡಿ. ಮೀಥೇನಿಗೆ ವಾಸನೆಯೇ ಇಲ್ಲ. ಟ್ರೈಕ್ಲೋರೋಎಥಿಲೀನಿಗೆ ಸಿಹಿಯಾದ ವಾಸನೆ ಇದೆ, ಆದರೆ ಅದು ಮೂಗಿಗೆ ತಿಳಿಯುವ ಹೊತ್ತಿಗೆ ಮನೆಯೊಳಗಿನ ಸುರಕ್ಷಿತ ಮಟ್ಟಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚಾಗಿರುತ್ತದೆ. ಪೆಟ್ರೋಲ್ ಮಾತ್ರ ಬೇಗ ಮೂಗಿಗೆ ಬಡಿಯುತ್ತದೆ. ವಾಸನೆ ಬಂದರೆ ಹುಡುಕಲು ಅದೊಂದು ಕಾರಣ. ವಾಸನೆ ಇಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

## ಮನೆ, ಬಂಕ್, ಕಸದ ಗುಡ್ಡೆ

ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಪೆಟ್ರೋಲ್ ಬಂಕ್ ಇದೆ. ಮನೆಯಲ್ಲಿ ಚಿಕ್ಕ ಮಕ್ಕಳಿದಾರೆ. ಹೆದರಬೇಕಾ?

ಮೊದಲು ಸಮಾಧಾನದ ವಿಷಯ. ಪೆಟ್ರೋಲಿನ ಆವಿಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಎಲ್ಲ ಮಣ್ಣಿನಲ್ಲೂ ಇವೆ. ಆಮ್ಲಜನಕ ಸಿಕ್ಕರೆ ಕೆಲವೇ ಅಡಿಗಳಲ್ಲಿ ಅವು ಆವಿಯನ್ನು ಮುಗಿಸಿಬಿಡುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಇದಕ್ಕೊಂದು ಅಳತೆ ಹೇಳಿತು. ಮನೆಯ ತಳಪಾಯಕ್ಕೂ ಕೆಳಗೆ ತೇಲುತ್ತಿರುವ ಪೆಟ್ರೋಲಿಗೂ ನಡುವೆ 15 ಅಡಿ ಶುದ್ಧ ಮಣ್ಣಿದ್ದರೆ ಸಾಮಾನ್ಯವಾಗಿ ಆವಿ ಮನೆಗೆ ತಲುಪುವುದಿಲ್ಲ. ನೀರಿನಲ್ಲಿ ಕರಗಿದ ಪೆಟ್ರೋಲ್ ಮಾತ್ರ ಆದರೆ 6 ಅಡಿ ಸಾಕು.

ಇನ್ನು ಎಚ್ಚರದ ವಿಷಯ. ಈ ಲೆಕ್ಕ ಮಣ್ಣಿಗೆ ಹೊರಗಿನ ಗಾಳಿ ಸಿಗುತ್ತಿದ್ದರೆ ಮಾತ್ರ. ನಮ್ಮ ಬೀದಿಗಳಲ್ಲಿ ಬಂಕಿನ ಅಂಗಳ ಕಾಂಕ್ರೀಟ್, ರಸ್ತೆ ಡಾಂಬರು, ಮನೆಯ ಸುತ್ತ ಟೈಲ್ಸ್. ಮಣ್ಣಿಗೆ ಉಸಿರಾಡಲು ಜಾಗವೇ ಇಲ್ಲ. ಬಂಡೆಯ ಬಿರುಕು, ಹಳೇ ಚರಂಡಿ, ಕೇಬಲ್ ಹಾಕಿದ ಕಾಲುವೆ ಇದ್ದರೆ ಆವಿ ನೇರವಾಗಿ ಓಡುತ್ತದೆ. ಮನೆಯಡಿಗೆ ಸಂಪು ಅಥವಾ ಬೇಸ್‌ಮೆಂಟ್ ಇದ್ದರೆ ಆ 15 ಅಡಿಯಲ್ಲಿ ಹತ್ತಡಿ ಅಲ್ಲೇ ಹೋಯಿತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕ್‌ಗಳಿಗೆ ದೂರದ ನಿಯಮ ಮಾಡಿತು. ಶಾಲೆ, ಹತ್ತು ಹಾಸಿಗೆ ಮೇಲ್ಪಟ್ಟ ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರ ಇರಬೇಕು. ಜಾಗದ ತೊಂದರೆ ಇದ್ದರೂ 30 ಮೀಟರಿಗಿಂತ ಹತ್ತಿರ ಬರುವಂತಿಲ್ಲ. ಹಳೇ ಬಂಕ್‌ಗಳು ಇದಕ್ಕಿಂತ ಹತ್ತಿರ ಇರುವುದನ್ನು ನೀವೇ ನೋಡಿರುತ್ತೀರಿ. ಸಂಪಿನ ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆ, ಬೋರ್ ನೀರಿನ ಮೇಲೆ ಬಣ್ಣದ ಪೊರೆ, ಬಚ್ಚಲ ತೂತಿನಿಂದ ವಾಸನೆ, ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ಸಂಪಿಗೆ ಇಳಿಯಬೇಡಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ಅಗ್ನಿಶಾಮಕದವರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಿ.

ಮಗಳು ಸಾಂಟಾ ಕ್ಲಾರಾ ಕಡೆ ಮನೆ ನೋಡ್ತಿದಾಳೆ. ಕಾಗದದಲ್ಲಿ 'ವೇಪರ್ ಇಂಟ್ರೂಷನ್' ಅಂತ ಬರೆದಿದೆ. ಬೇಡ ಅನ್ನಲಾ?

ನೆಲದಡಿಯ ಆವಿ ಮನೆಯೊಳಗೆ ನುಗ್ಗುವುದಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು. ಹಾಗೆ ಬರೆದಿರುವ ಮನೆ ಅಂದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ. ಆ ಊರಿನ ಹಿನ್ನೆಲೆ ಮಾತ್ರ ತಿಳಿದಿರಲಿ. ಕಂಪ್ಯೂಟರ್ ಚಿಪ್ ತಯಾರಿಸುತ್ತಿದ್ದ ಕಾಲದಲ್ಲಿ ಅಲ್ಲಿ ಸಾಲ್ವೆಂಟ್‌ಗಳನ್ನು ನೆಲದಡಿಯ ಟ್ಯಾಂಕುಗಳಲ್ಲಿ ಇಡುತ್ತಿದ್ದರು. ಅವು ಸೋರಿದವು. 1980ರ ದಶಕದ ಶುರುವಿನಲ್ಲಿ ಒಂದೊಂದಾಗಿ ಬಯಲಾಯಿತು. ಇವತ್ತಿಗೂ ಅಮೆರಿಕದಲ್ಲಿ ಅತಿ ಹೆಚ್ಚು ಸೂಪರ್‌ಫಂಡ್ ತಾಣಗಳು, ಅಂದರೆ ಕೇಂದ್ರ ಸರ್ಕಾರವೇ ಶುದ್ಧ ಮಾಡಿಸಬೇಕಾದ ಜಾಗಗಳು, ಇರುವ ಕೌಂಟಿ ಸಾಂಟಾ ಕ್ಲಾರಾ. ಮೌಂಟನ್ ವ್ಯೂ ಊರಿನ ಮಿಡಲ್‌ಫೀಲ್ಡ್, ಎಲ್ಲಿಸ್, ವಿಸ್ಮನ್ ರಸ್ತೆಗಳ ನಡುವಿನ ತಾಣ ಇದರಲ್ಲಿ ಪ್ರಸಿದ್ಧ. ಅಲ್ಲಿದ್ದ ಗೂಗಲ್ ಕಚೇರಿಗಳೊಳಗೇ 2012ರ ಕೊನೆಯಲ್ಲಿ ಟ್ರೈಕ್ಲೋರೋಎಥಿಲೀನ್ ಮಿತಿ ಮೀರಿದ್ದು ಕಂಡುಬಂತು. ಗಾಳಿಯಾಡಿಸುವ ವ್ಯವಸ್ಥೆ ಸರಿಯಾಗಿ ನಡೆಯದಿದ್ದಾಗ ಹಾಗಾಗಿತ್ತು.

ಕನ್ನಡದವರು ತುಂಬಾ ಜನ ಇರುವ ಊರುಗಳೇ ಇವು. ಮಗಳಿಗೆ ಹೀಗೆ ಹೇಳಿ. ಜಿಯೋಟ್ರ್ಯಾಕರ್, ಎನ್ವಿರೋಸ್ಟೋರ್ ಅನ್ನುವ ಎರಡು ಸರ್ಕಾರಿ ದಾಖಲೆ ತಾಣಗಳಲ್ಲಿ ಆ ವಿಳಾಸ ಹಾಕಿ ನೋಡಲಿ. ತಳಪಾಯದ ಕೆಳಗಿನ ಗಾಳಿ ಅಳೆದ ವರದಿ ಇದೆಯೇ ಅಂತ ಕೇಳಲಿ. ನೆಲದ ಕೆಳಗಿನಿಂದ ಕೊಳವೆ ಎಳೆದು ಸೂರಿನ ಮೇಲೆ ಫ್ಯಾನ್ ಕೂರಿಸಿದ್ದರೆ ಅದು ಒಳ್ಳೆಯದೇ. ಆವಿ ಮನೆಯೊಳಗೆ ಬರುವ ಮುಂಚೆಯೇ ಹೊರಗೆ ಹೋಗುತ್ತದೆ. ಫ್ಯಾನ್ ನಡೆಯುತ್ತಿದೆಯೇ ಅಂತ ತೋರಿಸುವ ಒತ್ತಡದ ಮೀಟರ್ ಕೊಳವೆಗೆ ಅಂಟಿಸಿರುತ್ತಾರೆ. ಮನೆ ನೋಡಲು ಹೋದಾಗ ಅದನ್ನು ನೋಡಿಕೊಂಡು ಬರಲಿ.

ಹಳೇ ಕಸದ ಗುಂಡಿ ಮುಚ್ಚಿ ಲೇಔಟ್ ಮಾಡಿದಾರೆ. ಕಡಿಮೆ ಬೆಲೆಗೆ ಸೈಟ್ ಸಿಗ್ತಿದೆ. ತಗೋಬಹುದಾ?

ಮಣ್ಣಿನ ಗಾಳಿ ಅಳೆಸದೆ ತಗೋಬೇಡಿ. ಪಕ್ಕದ ಸೈಟ್ ಆದರೂ ಇದೇ ಮಾತು. ಹೂತ ಕಸ ಹತ್ತಾರು ವರ್ಷ ಮೀಥೇನ್ ಬಿಡುತ್ತದೆ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ.

ಇಂಗ್ಲೆಂಡಿನ ಡರ್ಬಿಶೈರ್‌ನ ಲಾಸ್ಕೋ ಹಳ್ಳಿಯಲ್ಲಿ 1986ರ ಮಾರ್ಚ್ 24ರ ಬೆಳಗ್ಗೆ ಒಂದು ಮನೆ ಹೀಗೇ ಸಿಡಿದು ನೆಲಸಮವಾಯಿತು. ಒಳಗಿದ್ದ ಮೂವರಿಗೆ ಗಾಯವಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಮನೆ ಕಸದ ಮೇಲೆ ಕಟ್ಟಿದ್ದಲ್ಲ. ಇಟ್ಟಿಗೆಗೆ ಜೇಡಿಮಣ್ಣು ತೆಗೆದ ಹಳೇ ಗುಂಡಿಗೆ ಕಸ ತುಂಬಿ ಮುಚ್ಚಿದ್ದರು. ಮನೆ ಇದ್ದದ್ದು ಅದರ ಪಕ್ಕದಲ್ಲಿ. ಮೇಲೆ ಮುಚ್ಚಿದ್ದರಿಂದ ಅನಿಲ ಅಡ್ಡಕ್ಕೆ, ಬಂಡೆಯ ಬಿರುಕುಗಳಲ್ಲಿ ಹರಿಯಿತು. ಆ ರಾತ್ರಿ ಕೆಲವೇ ಗಂಟೆಗಳಲ್ಲಿ ವಾತಾವರಣದ ಒತ್ತಡ ಜೋರಾಗಿ ಕುಸಿದಿತ್ತು. ಹೊರಗೆ ಒತ್ತಡ ಇಳಿದಾಗ ನೆಲದೊಳಗಿನ ಅನಿಲ ಉಬ್ಬಿ ಹೊರಬರುತ್ತದೆ. ಹೊಸ ಕಟ್ಟಡಗಳ ಕೆಳಗೆ ಅನಿಲ ಅಳೆಯುವ ಪದ್ಧತಿ ಬ್ರಿಟನ್ನಿನಲ್ಲಿ ಗಟ್ಟಿಯಾಗಲು ಈ ಘಟನೆ ದೊಡ್ಡ ಕಾರಣ.

ಮಂಡೂರು, ಮಾವಳ್ಳಿಪುರದಂಥ ಜಾಗಗಳಲ್ಲಿ ಬೆಂಗಳೂರಿನ ಕಸ ಸುರಿಯುವುದು ನಿಂತಿತು. ಅಲ್ಲಿ ಬಿದ್ದ ಕಸ ಕೊಳೆಯುವುದು ಮಾತ್ರ ಅವತ್ತೇ ನಿಲ್ಲಲಿಲ್ಲ. ಇಂಥ ಜಾಗದ ಸುತ್ತ ಮನೆ ಏಳುವ ಮುಂಚೆಯೇ ಗಾಳಿ ಅಳೆಯಬೇಕು. ಇದರಲ್ಲಿ ರಾಜಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಆವಿ ಗಾಳಿಗಿಂತ ಭಾರ ಅಂತ ಓದಿದೀನಿ. ಮತ್ತೆ ಮೇಲೆ ಹೇಗೆ ಬರುತ್ತೆ?

ಶುದ್ಧ ಟ್ರೈಕ್ಲೋರೋಎಥಿಲೀನ್ ಆವಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ ನಿಜ. ಆದರೆ ನೆಲದಲ್ಲಿ ಅದು ಕೋಟಿಗೆ ಕೆಲವು ಭಾಗದಷ್ಟು ತೆಳ್ಳಗೆ ಬೆರೆತಿರುತ್ತದೆ. ಅಷ್ಟು ತೆಳುವಾದ ಮಿಶ್ರಣದ ತೂಕ ಗಾಳಿಯ ತೂಕವೇ. ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಎಲ್ಲ ದಿಕ್ಕಿಗೂ ಹರಡುತ್ತದೆ. ತಳಪಾಯದ ಹತ್ತಿರ ಬಂದ ಮೇಲೆ ಮನೆಯೇ ಅದನ್ನು ಎಳೆದುಕೊಳ್ಳುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ, ಚಳಿಯಲ್ಲಿ ಒಳಗಿನ ಬಿಸಿಗಾಳಿ ಮೇಲೇರಿದಾಗ, ಮನೆಯೊಳಗೆ ಒತ್ತಡ ಕೊಂಚ ಇಳಿಯುತ್ತದೆ. ನೆಲದ ಬಿರುಕು, ಪೈಪು ಹಾದುಹೋದ ಸಂದು, ಬಚ್ಚಲ ತೂತು, ಎಲ್ಲವೂ ಆಗ ದಾರಿಯಾಗುತ್ತವೆ. ಸದಾ ಕಿಟಕಿ ತೆರೆದಿರುವ ಮನೆಗಳಲ್ಲಿ ಬಂದದ್ದು ಬೇಗ ಚದುರುತ್ತದೆ. ಮುಚ್ಚಿದ ಎಸಿ ಕೋಣೆಗಳಲ್ಲಿ ಚದುರುವುದಿಲ್ಲ.

## ಕೆಲಸ ನಡೆಯುವ ಬಗೆ

ಮಾದರಿ ತೆಗೆಯೋದನ್ನ ಒಂದು ಸಲ ಪೂರ್ತಿ ಹೇಳಿ. ಏನೇನು ಮಾಡ್ತಾರೆ?

ಕೈ ಬೈರಿಗೆಯಿಂದ ಸುಮಾರು ಐದು ಸೆಂಟಿಮೀಟರ್ ಅಗಲದ ತೂತು ಕೊರೆಯುತ್ತಾರೆ. ಅದಕ್ಕೂ ಮುಂಚೆ ಕೇಬಲ್, ನೀರಿನ ಪೈಪು, ಗ್ಯಾಸ್ ಪೈಪು ಎಲ್ಲಿವೆ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ತೂತಿನ ತಳಕ್ಕೆ ಮೂವತ್ತು ಸೆಂಟಿಮೀಟರ್‌ನಷ್ಟು ತೊಳೆದ ದಪ್ಪ ಮರಳು. ಮರಳಿನ ಮಧ್ಯಕ್ಕೆ ಸಣ್ಣ ತೂತುಗಳಿರುವ ಸ್ಟೀಲ್ ತುದಿ, ಅದಕ್ಕೆ ಜೋಡಿಸಿದ ಸಪೂರ ಕೊಳವೆ. ಮರಳಿನ ಮೇಲೆ ಒಣ ಬೆಂಟೊನೈಟ್ ಜೇಡಿ ಹರಳು, ಅದರ ಮೇಲಿಂದ ನೆಲದ ಮಟ್ಟದವರೆಗೆ ನೀರಿನಲ್ಲಿ ನೆನೆಸಿದ ಬೆಂಟೊನೈಟ್. ಅದು ಉಬ್ಬಿ ತೂತನ್ನು ಬಿಗಿಯಾಗಿ ಮುಚ್ಚುತ್ತದೆ. ನಡುವೆ ಒಣ ಪದರ ಇಡುವುದು ನೀರು ಮರಳಿಗೆ ಇಳಿದು ತುದಿ ಕಟ್ಟಿಕೊಳ್ಳಬಾರದು ಅಂತ.

ಆಮೇಲೆ ಕಾಯಬೇಕು. ಕೊರೆಯುವಾಗ ಹೊರಗಿನ ಗಾಳಿ ಒಳಗೆ ಹೋಗಿರುತ್ತದೆ, ಸುತ್ತಲ ಮಣ್ಣಿನ ಗಾಳಿಯೊಂದಿಗೆ ಅದು ಹೊಂದಿಕೊಳ್ಳಬೇಕು. ಸರಳನ್ನು ಒತ್ತಿ ಇಳಿಸಿದ್ದರೆ ಎರಡು ಗಂಟೆ, ಬೈರಿಗೆಯಿಂದ ಕೊರೆದಿದ್ದರೆ ಎರಡು ದಿನ ಕಾಯಿರಿ ಅನ್ನುತ್ತದೆ ಕ್ಯಾಲಿಫೋರ್ನಿಯಾದ ಮಾರ್ಗಸೂಚಿ. ಮೊದಲ ಗಾಳಿಯನ್ನು ಎಳೆದು ಚೆಲ್ಲಬೇಕು. ಎಷ್ಟು ಅಂದರೆ ಕೊಳವೆಯೊಳಗಿನದೂ ಮರಳಿನ ಸಂದುಗಳದೂ ಸೇರಿಸಿ ಸುಮಾರು ಮೂರು ಪಟ್ಟು. ಮೇಲಿನ ಅಳತೆಗೆ ಕೊಳವೆಯಲ್ಲಿ 20 ಮಿಲಿಲೀಟರ್, ಮರಳಿನಲ್ಲಿ 235 ಮಿಲಿಲೀಟರ್ ಹತ್ತಿರ ಬರುತ್ತದೆ. ಮೂರು ಪಟ್ಟು ಅಂದರೆ ಮುಕ್ಕಾಲು ಲೀಟರ್. ನಿಮಿಷಕ್ಕೆ 200 ಮಿಲಿಲೀಟರಿಗಿಂತ ಜೋರಾಗಿ ಎಳೆಯಬಾರದು, ಹಾಗಾಗಿ ನಾಲ್ಕು ನಿಮಿಷ ಹಿಡಿಯುತ್ತದೆ. ಅವಸರ ಮಾಡಿದರೆ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುತ್ತೀರಿ. ಇಷ್ಟಾದ ಮೇಲೆ ಮಾದರಿ ತುಂಬುವುದು.

ಎಷ್ಟು ಆಳಕ್ಕೆ ಹೋಗಬೇಕು?

ಕನಿಷ್ಠ ಐದು ಅಡಿ. ಅದಕ್ಕಿಂತ ಮೇಲೆ ಹೊರಗಿನ ಗಾಳಿ ದಿನವೂ ಒಳಗೆ ಹೊರಗೆ ಆಡುತ್ತಿರುತ್ತದೆ. ಮನೆ ಆಗಲೇ ಇದ್ದರೆ ನೆಲಹಾಸಿನಲ್ಲೇ ಸಣ್ಣ ತೂತು ಕೊರೆದು, ಚಪ್ಪಡಿಯ ಕೆಳಗಿನ ಗಾಳಿ ತೆಗೆಯುತ್ತಾರೆ.

ಹೀಲಿಯಂ ಸಿಲಿಂಡರ್ ಯಾಕೆ ತರ್ತಾರೆ? ಬಲೂನ್ ಊದೋಕಾ ಅಂತ ಮಕ್ಕಳು ಕೇಳಿದ್ರು.

ಮಕ್ಕಳಿಗೆ ಹೀಗೆ ಹೇಳಿ: ನಾವು ಹಿಡಿದದ್ದು ನಿಜವಾಗಿ ನೆಲದ ಗಾಳಿಯೇ ಅಂತ ಖಾತ್ರಿ ಮಾಡಿಕೊಳ್ಳಲು.

ಈ ಕೆಲಸದಲ್ಲಿ ನಡೆಯುವ ತಪ್ಪಿಗೆ ಒಂದು ಕೆಟ್ಟ ಗುಣ ಇದೆ. ಜೇಡಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ, ಕೊಳವೆಯ ಜೋಡಣೆ ಸಡಿಲವಾಗಿದ್ದರೆ, ಹೊರಗಿನ ಗಾಳಿ ಮಾದರಿಗೆ ಬೆರೆಯುತ್ತದೆ. ಹೊರಗಿನ ಗಾಳಿ ಶುದ್ಧ. ಅದು ಬೆರೆತಷ್ಟೂ ವಿಷ ಕಮ್ಮಿ ಕಾಣುತ್ತದೆ. ಅಂದರೆ ಕೆಟ್ಟದಾಗಿ ತೆಗೆದ ಮಾದರಿ ಬಹುತೇಕ ಯಾವಾಗಲೂ ಜಾಗ ಚೆನ್ನಾಗಿದೆ ಅಂತಲೇ ಹೇಳುತ್ತದೆ. ನೋಡುವವರಿಗೆ ಸಂತೋಷ, ಮಾಲೀಕರಿಗೂ ಸಂತೋಷ. ಯಾರೂ ತಿರುಗಿ ಕೇಳುವುದಿಲ್ಲ. ಅಲ್ಲಿ ಮನೆ ಕಟ್ಟಿ ಮಲಗುವವರು ಮಾತ್ರ ಅದರ ಬೆಲೆ ತೆರುತ್ತಾರೆ.

ಅದಕ್ಕೇ ತೂತಿನ ಮೇಲೆ, ಕೊಳವೆ ಜೋಡಣೆಗಳ ಮೇಲೆ ಒಂದು ಡಬ್ಬ ಬೋರಲು ಹಾಕಿ ಅದರೊಳಗೆ ಹೀಲಿಯಂ ತುಂಬುತ್ತಾರೆ. ಡಬ್ಬದಲ್ಲಿ ಹೀಲಿಯಂ ಎಷ್ಟಿದೆ ಅಂತ ಅಳೆಯುತ್ತಾರೆ. ಎಳೆದ ಗಾಳಿಯಲ್ಲೂ ಅಳೆಯುತ್ತಾರೆ. ಡಬ್ಬದಲ್ಲಿ ಶೇ 20 ಇದ್ದು, ಎಳೆದ ಗಾಳಿಯಲ್ಲಿ ಶೇ 1ಕ್ಕಿಂತ ಕಮ್ಮಿ ಬಂದರೆ, ಅಂದರೆ ಇಪ್ಪತ್ತರಲ್ಲೊಂದು ಪಾಲಿಗಿಂತ ಕಮ್ಮಿ ನುಸುಳಿದ್ದರೆ, ಸಾಮಾನ್ಯವಾಗಿ ಒಪ್ಪುತ್ತಾರೆ. ಜಾಸ್ತಿ ಬಂದರೆ ಮುಚ್ಚಳ ಸರಿಮಾಡಿ ಮತ್ತೆ ಮೊದಲಿನಿಂದ. ಹೀಲಿಯಂ ಸಿಗದ ಕಡೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಜೋಡಣೆಗಳ ಹತ್ತಿರ ಇಟ್ಟು, ಅದು ಮಾದರಿಯಲ್ಲಿ ಬಂತೇ ಅಂತ ಪ್ರಯೋಗಾಲಯದಲ್ಲಿ ನೋಡುವುದೂ ಉಂಟು. ಆದರೆ ಫಲಿತಾಂಶ ಬರುವ ಹೊತ್ತಿಗೆ ತಂಡ ಊರು ಬಿಟ್ಟಿರುತ್ತದೆ. ಹೀಲಿಯಂ ಆದರೆ ಅಲ್ಲೇ ಗೊತ್ತಾಗುತ್ತದೆ.

ಸೋರಿಕೆ ಪರೀಕ್ಷೆ ಮಾಡದ ವರದಿಯಲ್ಲಿ 'ಏನೂ ಸಿಗಲಿಲ್ಲ' ಅಂತ ಇದ್ದರೆ ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಯಾವುದರಲ್ಲಿ ತುಂಬ್ತಾರೆ? ಪ್ಲಾಸ್ಟಿಕ್ ಚೀಲ ನಡೆಯುತ್ತಾ?

ಹೆಚ್ಚು ಬಳಸುವುದು ಒಳಮೈ ನುಣುಪು ಮಾಡಿದ ಸ್ಟೀಲ್ ಕ್ಯಾನಿಸ್ಟರ್, ಒಂದು ಲೀಟರ್ ಅಥವಾ ಆರು ಲೀಟರ್. ಪ್ರಯೋಗಾಲಯದವರು ಒಳಗಿನ ಗಾಳಿಯನ್ನೆಲ್ಲ ತೆಗೆದು ಕಳಿಸಿರುತ್ತಾರೆ. ಕವಾಟ ತೆರೆದರೆ ತಾನಾಗಿ ಎಳೆದುಕೊಳ್ಳುತ್ತದೆ. ಪೂರ್ತಿ ತುಂಬಲು ಬಿಡದೆ, ಮೀಟರಿನಲ್ಲಿ ಸ್ವಲ್ಪ ನಿರ್ವಾತ ಉಳಿದಿರುವಾಗಲೇ ಮುಚ್ಚಬೇಕು. ಆ ಅಂಕಿ ಬರೆದಿಟ್ಟರೆ, ಪ್ರಯೋಗಾಲಯ ತಲುಪಿದಾಗ ಅದೇ ಅಂಕಿ ಇದೆಯೇ ಅಂತ ನೋಡಬಹುದು. ಬದಲಾಗಿದ್ದರೆ ದಾರಿಯಲ್ಲಿ ಸೋರಿದೆ. ಹೀರುವ ಪುಡಿ ತುಂಬಿದ ಕೊಳವೆಯ ಮೂಲಕ ಗಾಳಿ ಹಾಯಿಸುವುದು ಇನ್ನೊಂದು ದಾರಿ. ಡೀಸೆಲ್, ನ್ಯಾಫ್ತಲೀನ್‌ನಂಥ ನಿಧಾನಕ್ಕೆ ಆವಿಯಾಗುವವಕ್ಕೆ ಅದೇ ವಾಸಿ. ಗಾಳಿಯ ಮಾದರಿಗೆಂದೇ ಮಾಡಿದ ಟೆಡ್ಲಾರ್ ಚೀಲ ಮೀಥೇನಿಗೆ ಪರವಾಗಿಲ್ಲ, ಬೇಗ ಅಳೆಯಬೇಕು ಅಷ್ಟೆ. ಸಾಮಾನ್ಯ ಪ್ಲಾಸ್ಟಿಕ್ ಚೀಲ ಬೇಡ.

ಕೊಳವೆಯ ಬಗ್ಗೆಯೂ ಒಂದು ಮಾತು. ಟೆಫ್ಲಾನ್ ಅಥವಾ ನೈಲಾನ್ ಇರಲಿ. ಸಿಲಿಕೋನ್ ಕೊಳವೆ ಆವಿಯನ್ನು ತಾನೇ ಹೀರಿಕೊಳ್ಳುತ್ತದೆ. ನೀರಿನ ಮಾದರಿ ತೆಗೆದು ಅಭ್ಯಾಸ ಆದವರು ಇದನ್ನೂ ಐಸ್ ಪೆಟ್ಟಿಗೆಯಲ್ಲಿಡಲು ಹೊರಡುತ್ತಾರೆ. ಇಡಬಾರದು, ತಣ್ಣಗಾದರೆ ಆವಿ ಗೋಡೆಗೆ ಅಂಟುತ್ತದೆ. ಗಾಡಿಗೆ ಪೆಟ್ರೋಲ್ ಹಾಕಿಸಿ ಬಂದ ಕೈಯಲ್ಲಿ ಕೊಳವೆ ಮುಟ್ಟಬಾರದು. ಪಕ್ಕದಲ್ಲಿ ಜನರೇಟರ್ ಓಡಬಾರದು. ದಪ್ಪ ಮಾರ್ಕರ್ ಪೆನ್ನು, ಸೆಂಟು, ಸೊಳ್ಳೆ ಮುಲಾಮು ಕೂಡ ಬೇಡ.

ಕೈಯಲ್ಲಿ ಹಿಡಿಯೋ ಮೀಟರ್ ಇದೆಯಲ್ಲ, ಅದೇ ಸಾಲದಾ?

ಎಲ್ಲಿ ಹುಡುಕಬೇಕು ಅಂತ ತಿಳಿಯಲು ಸಾಲುತ್ತದೆ. ಮನೆ ಸುರಕ್ಷಿತ ಅಂತ ಹೇಳಲು ಸಾಲದು. ನೇರಳಾತೀತ ದೀಪವಿರುವ ಪಿಐಡಿ ಮೀಟರ್ ಹಲವು ಆವಿಗಳನ್ನು ಒಟ್ಟಾಗಿ ಒಂದೇ ಅಂಕಿಯಲ್ಲಿ ತೋರಿಸುತ್ತದೆ. ಯಾವುದು ಬೆಂಜೀನ್, ಯಾವುದು ಟಾಲ್ವೀನ್ ಅಂತ ಹೇಳುವುದಿಲ್ಲ. ಮೀಥೇನ್ ಅದಕ್ಕೆ ಕಾಣುವುದೇ ಇಲ್ಲ. ತೇವ ಜಾಸ್ತಿಯಾದರೆ ತಪ್ಪು ಅಂಕಿ ಬರುತ್ತದೆ.

ಮಳೆಗಾಲದಲ್ಲಿ ಮಾಡಬಹುದಾ?

ಜೋರು ಮಳೆ ಬಂದ ಮೇಲೆ ಕೆಲವು ದಿನ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಅರ್ಧ ಇಂಚು ಮಳೆಯಾದರೆ ಐದು ದಿನ ಕಾಯುವ ಪದ್ಧತಿ ಇದೆ. ಅದನ್ನು ಹಾಗೇ ಮಲೆನಾಡಿಗೆ ತಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವೇ ನಡೆಯುವುದಿಲ್ಲ. ಅಲ್ಲಿ ಬೇಸಿಗೆಯಲ್ಲೇ ಮುಗಿಸುವುದು ಒಳ್ಳೆಯದು.

ಉತ್ತರ ಕರ್ನಾಟಕದ ಎರೆ ಮಣ್ಣಿನದು ಬೇರೆಯೇ ಕಥೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಹೊರಗಿನ ಗಾಳಿ ಆಳಕ್ಕೆ ಇಳಿಯುತ್ತದೆ. ಮಳೆ ಬಿದ್ದರೆ ಉಬ್ಬಿ ಪೂರ್ತಿ ಮುಚ್ಚಿಕೊಳ್ಳುತ್ತದೆ, ಪಂಪಿಗೆ ಗಾಳಿಯೇ ಸಿಗುವುದಿಲ್ಲ. ಹಿಂಗಾರು ಮುಗಿದು ಬಿರುಕು ಬಿಡುವ ಮುಂಚಿನ ವಾರಗಳು ಅಲ್ಲಿಗೆ ಸರಿ. ಇನ್ನೊಂದು ವಿಷಯ ನೆನಪಿರಲಿ. ಸುತ್ತಲ ನೆಲ ನೆನೆದು ಮುಚ್ಚಿಕೊಂಡಾಗ ಮನೆಯಡಿಯ ಮಣ್ಣು ಮಾತ್ರ ಒಣಗಿರುತ್ತದೆ. ಆವಿಗೆ ಉಳಿಯುವ ದಾರಿ ಅದೊಂದೇ. ಹಾಗಾಗಿ ಮನೆಯೊಳಗಿನ ಗಾಳಿಯನ್ನು ಮಳೆಗಾಲದಲ್ಲೂ ಒಮ್ಮೆ ಅಳೆಯುವುದು ಲೇಸು.

ಪಂಪೇ ಇಲ್ಲದ ವಿಧಾನ ಇದೆ ಅಂತಾರೆ, ನಿಜಾನಾ?

ನಿಜ. ಹೀರುವ ಪುಡಿ ಇರುವ ಚಿಕ್ಕ ಸೀಸೆಯನ್ನು ಎರಡು ಮೂರು ಅಡಿ ಆಳದಲ್ಲಿ ಹೂತು, ಒಂದೆರಡು ವಾರ ಬಿಟ್ಟು ತೆಗೆಯುತ್ತಾರೆ. ಅಗ್ಗ, ಸುಲಭ, ಗಟ್ಟಿ ಜೇಡಿಯಲ್ಲೂ ನಡೆಯುತ್ತದೆ. ದೊಡ್ಡ ಅಂಗಳದಲ್ಲಿ ಎಲ್ಲಿ ಕೇಂದ್ರ ಇದೆ ಅಂತ ಹುಡುಕಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಟ್ಟು ಎಷ್ಟು ಹೀರಿತು ಅಂತ ಗೊತ್ತಾಗುತ್ತದೆಯೇ ಹೊರತು ಘನ ಮೀಟರ್ ಗಾಳಿಯಲ್ಲಿ ಎಷ್ಟಿತ್ತು ಅಂತ ಖಚಿತವಾಗಿ ಹೇಳುವುದು ಕಷ್ಟ.

## ವರದಿ ಓದುವವರಿಗೆ

ವರದಿಯಲ್ಲಿ ತಳಪಾಯದ ಕೆಳಗೆ ಟ್ರೈಕ್ಲೋರೋಎಥಿಲೀನ್ ಘನ ಮೀಟರಿಗೆ 100 ಮೈಕ್ರೋಗ್ರಾಂ ಅಂತಿದೆ. ಜಾಸ್ತಿನಾ, ಕಮ್ಮಿನಾ?

ಕೆಳಗಿದ್ದದ್ದೆಲ್ಲ ಮನೆಯೊಳಗೆ ಬರುವುದಿಲ್ಲ. ಎಷ್ಟು ಬರಬಹುದು ಅನ್ನಲು ಅಮೆರಿಕದ ಪರಿಸರ ಸಂಸ್ಥೆ 0.03 ಅನ್ನುವ ಗುಣಕ ಬಳಸುತ್ತದೆ. ಹಲವು ಮನೆಗಳ ಅಳತೆಯಿಂದ, ಸುರಕ್ಷತೆಯ ಕಡೆ ವಾಲಿಸಿ ಆರಿಸಿದ ಅಂಕಿ ಅದು. 100ನ್ನು 0.03ರಿಂದ ಗುಣಿಸಿದರೆ 3. ಮನೆಯೊಳಗೆ ದೀರ್ಘಕಾಲ ಉಸಿರಾಡಲು ಆ ಸಂಸ್ಥೆ 2011ರಲ್ಲಿ ಹೇಳಿದ ಮಟ್ಟ ಘನ ಮೀಟರಿಗೆ 2 ಮೈಕ್ರೋಗ್ರಾಂ. ಅಂದರೆ ಮಿತಿ ಮೀರುವ ಸಾಧ್ಯತೆ ಇದೆ, ಮನೆಯೊಳಗಿನ ಗಾಳಿಯನ್ನೂ ಅಳೆಯಲೇಬೇಕು. ಗರ್ಭಿಣಿಯರಿದ್ದರೆ ತಡ ಮಾಡಬಾರದು. ಭ್ರೂಣದ ಹೃದಯದ ಬೆಳವಣಿಗೆಗೆ ತೊಂದರೆಯಾಗುವ ಭಯವೂ ಆ ಮಟ್ಟದ ಲೆಕ್ಕದಲ್ಲಿ ಸೇರಿದೆ.

ಅಂಕಿಯ ಪಕ್ಕದ ಅಳತೆ ನೋಡಿ ಓದಿ. ಶತಕೋಟಿಗೆ ಒಂದು ಭಾಗ ಅಂದರೆ ಟ್ರೈಕ್ಲೋರೋಎಥಿಲೀನ್‌ಗೆ ಘನ ಮೀಟರಿಗೆ ಸುಮಾರು 5.4 ಮೈಕ್ರೋಗ್ರಾಂ, ಬೆಂಜೀನಿಗೆ 3.2. ಎರಡನ್ನೂ ಒಂದೇ ಅಂದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಒಂದು ಸಲ 'ಇಲ್ಲ' ಅಂತ ಬಂದ್ರೆ ಮುಗೀತಾ?

ಇಲ್ಲ. ಯಂತ್ರ ಎಷ್ಟರವರೆಗೆ ಹಿಡಿಯಬಲ್ಲದು ಅನ್ನುವ ಅಂಕಿಯನ್ನು ಮೊದಲು ನೋಡಿ. ಮಿತಿ 70 ಇದ್ದು, ಯಂತ್ರ 200ಕ್ಕಿಂತ ಕಮ್ಮಿ ಹಿಡಿಯದಿದ್ದರೆ ಆ 'ಇಲ್ಲ'ಕ್ಕೆ ಬೆಲೆಯಿಲ್ಲ. ಕೆಲವೇ ಮೀಟರ್ ದೂರದಲ್ಲಿ ಅಂಕಿ ಹತ್ತು ಪಟ್ಟು ಬದಲಾಗುವುದು ಇಲ್ಲಿ ಮಾಮೂಲು. ಕಾಲಕ್ಕೂ ಬದಲಾಗುತ್ತದೆ. ಕನಿಷ್ಠ ಎರಡು ಕಾಲದಲ್ಲಿ, ಕಟ್ಟಡದ ಬೇರೆ ಬೇರೆ ಮೂಲೆಗಳಲ್ಲಿ ಅಳೆಯಬೇಕು.

ಪೆಟ್ರೋಲ್ ಹುಡುಕೋಕೆ ಬಂದವರು ಆಮ್ಲಜನಕ ಯಾಕೆ ಅಳೀತಾರೆ?

ಕೆಳಗೆ ಏನು ನಡೆಯುತ್ತಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ. ಒಂದೇ ಜಾಗದಲ್ಲಿ ಐದು, ಹತ್ತು, ಹದಿನೈದು ಅಡಿಗಳಲ್ಲಿ ಅಳೆಯಿರಿ. ಹದಿನೈದು ಅಡಿಯಲ್ಲಿ ಬೆಂಜೀನ್ ಜಾಸ್ತಿ, ಆಮ್ಲಜನಕ ಶೇ 1, ಇಂಗಾಲದ ಡೈಆಕ್ಸೈಡ್ ಶೇ 12 ಇದೆ ಅನ್ನೋಣ. ಐದು ಅಡಿಯಲ್ಲಿ ಬೆಂಜೀನ್ ಇಲ್ಲ, ಆಮ್ಲಜನಕ ಶೇ 17. ನಡುವಿನ ಪದರದಲ್ಲಿ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ಅದೇ ಐದು ಅಡಿಯಲ್ಲೂ ಆಮ್ಲಜನಕ ಶೇ 1 ಇದ್ದರೆ ತಡೆಯುವವರು ಯಾರೂ ಇಲ್ಲ, ಆವಿ ಮೇಲಕ್ಕೆ ಬರುತ್ತಿದೆ. ಇನ್ನು ಹತ್ತಡಿಯಲ್ಲಿ ಬೆಂಜೀನೂ ಜಾಸ್ತಿ, ಆಮ್ಲಜನಕವೂ ಶೇ 20 ಅಂತ ವರದಿಯಲ್ಲಿದ್ದರೆ ಮಾದರಿಗೆ ಹೊರಗಿನ ಗಾಳಿ ಬೆರೆತಿದೆ ಅಂತ ಅನುಮಾನ ಪಡಿ. ಎರಡೂ ಹೀಗೆ ಒಟ್ಟಿಗೆ ಇರುವುದು ಅಪರೂಪ. ಟ್ರೈಕ್ಲೋರೋಎಥಿಲೀನ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಆಮ್ಲಜನಕ ಇದ್ದರೂ ಬ್ಯಾಕ್ಟೀರಿಯಾಗಳು ಅದನ್ನು ಸುಲಭಕ್ಕೆ ಮುಗಿಸುವುದಿಲ್ಲ.

ರೇಡಾನ್‌ಗೂ ಇದೇ ವಿಧಾನನಾ?

ಹೆಚ್ಚುಕಮ್ಮಿ ಇದೇ. ರೇಡಾನ್ ಯಾರೂ ಚೆಲ್ಲಿದ ಮಾಲಿನ್ಯವಲ್ಲ, ಕಲ್ಲಿನಲ್ಲಿರುವ ಯುರೇನಿಯಂನಿಂದ ತಾನಾಗಿ ಹುಟ್ಟುವ ವಿಕಿರಣ ಸೂಸುವ ಅನಿಲ. ಹಳೇ ಮೈಸೂರು ಸೀಮೆಯಂಥ ಗ್ರಾನೈಟ್ ನೆಲದಲ್ಲಿ ಇದರ ಅಧ್ಯಯನ ಬಹಳ ನಡೆದಿದೆ, ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದರಲ್ಲಿ ತೊಡಗಿಕೊಂಡವರು. ಎಲ್ಆರ್-115 ಅನ್ನುವ ಫಿಲ್ಮನ್ನು ಹೂತಿಟ್ಟು, ಕಣಗಳು ಬಡಿದು ಮಾಡಿದ ಗೀರುಗಳನ್ನು ಎಣಿಸುತ್ತಾರೆ. ಪಂಪಿನಿಂದ ಎಳೆದು ಅಳೆಯುವುದಾದರೆ ಕೆಲವು ನಿಮಿಷ ಕಾಯಬೇಕು. ಜೊತೆಯಲ್ಲಿ ಬರುವ ಥೋರಾನ್ ಅನ್ನುವ ಇನ್ನೊಂದು ವಿಕಿರಣ ಅನಿಲ ಒಂದು ನಿಮಿಷದೊಳಗೆ ಅರ್ಧಕ್ಕಿಳಿಯುತ್ತದೆ. ರೇಡಾನ್ ಅರ್ಧವಾಗಲು 3.8 ದಿನ ಬೇಕು.

ಮಾಲಿನ್ಯ ಹುಡುಕುವವರಿಗೂ ರೇಡಾನ್ ಉಪಯೋಗಕ್ಕೆ ಬರುತ್ತದೆ. ಮನೆಯೊಳಗೆ ಸಿಕ್ಕ ಬೆಂಜೀನ್ ನೆಲದಿಂದ ಬಂತೋ, ಗ್ಯಾರೇಜಿನ ಸ್ಕೂಟರಿನಿಂದ ಬಂತೋ? ಮನೆಯೊಳಗಿನ ರೇಡಾನ್ ತಳಪಾಯದ ಕೆಳಗಿನದರ ಎಷ್ಟನೇ ಪಾಲು ಅನ್ನುವ ಅನುಪಾತ ನೋಡುತ್ತಾರೆ. ರೇಡಾನ್‌ಗೆ ಮನೆಯೊಳಗೆ ಬೇರೆ ದೊಡ್ಡ ಮೂಲ ಇಲ್ಲದಿದ್ದರೆ, ಆ ಮನೆಗೆ 0.03ರ ಬದಲು ಅದರದೇ ಗುಣಕ ಸಿಕ್ಕಿತು. ಬೆಂಜೀನಿನ ಅನುಪಾತ ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಮೂಲ ಮನೆಯೊಳಗೇ ಇದೆ. ಗ್ರಾನೈಟ್ ನೆಲಹಾಸಿನ ನಮ್ಮ ಮನೆಗಳಲ್ಲಿ ಈ ಲೆಕ್ಕವನ್ನು ಜಾಗ್ರತೆಯಿಂದ ಬಳಸಬೇಕು, ನೆಲಹಾಸೂ ಒಂದಷ್ಟು ರೇಡಾನ್ ಬಿಡುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆಯಾ? ಯಾರಿಗೆ ಅರ್ಜಿ ಕೊಡಬೇಕು?

ಈಗ ಇದೆ. ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿ ನಿಯಮ ತಂದಿತು. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಮಂಡಳಿ 90 ದಿನಗಳೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಕೆಡಿಸಿದವರೇ ಶುದ್ಧ ಮಾಡುವ ಖರ್ಚು ಕೊಡಬೇಕು. ಗಣಿ ಕೆಲಸದ ಮಾಲಿನ್ಯ, ವಿಕಿರಣದ ಕಸ, ಊರ ಕಸದ ಗುಡ್ಡೆಗಳಿಗೆ ಬೇರೆ ಕಾನೂನುಗಳಿರುವುದರಿಂದ ಅವು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ.

ಇಂಥ ನಿಯಮಕ್ಕೆ ದೇಶ ಬಹಳ ಕಾಯಬೇಕಾಯಿತು. ಭೋಪಾಲ್ ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ವಿಷದ ಕಸ ಪೀತಾಂಪುರಕ್ಕೆ ಸಾಗಿದ್ದೇ 2025ರ ಜನವರಿಯಲ್ಲಿ, ದುರಂತವಾಗಿ ನಲವತ್ತು ವರ್ಷದ ಮೇಲೆ. ಸುತ್ತಲ ಅಂತರ್ಜಲದಲ್ಲಿ ಕಂಡುಬಂದ ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರೋಬೆಂಜೀನ್‌ಗಳು ಆವಿಯಾಗುವಂಥವೇ.

ನೀವು ಅರ್ಜಿ ಕೊಡುವುದಾದರೆ ಪಂಚಾಯಿತಿ ಅಥವಾ ನಗರಪಾಲಿಕೆಗೆ, ಜಿಲ್ಲಾಧಿಕಾರಿಗೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಮೂರಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬೋರ್‌ವೆಲ್ ಆಳ, ವಾಸನೆ ಶುರುವಾದ ತಿಂಗಳು, ಹತ್ತಿರದ ಟ್ಯಾಂಕ್ ಅಥವಾ ಕಾರ್ಖಾನೆ ಎಷ್ಟು ದೂರ, ಅಲ್ಲಿ ಮೊದಲು ಏನಿತ್ತು, ಇಷ್ಟನ್ನು ಬರೆಯಿರಿ. ನೀರಿನ ಜೊತೆಗೆ ಮಣ್ಣಿನ ಗಾಳಿಯನ್ನೂ ಅಳೆಯಬೇಕು ಅಂತ ಬಾಯಿಬಿಟ್ಟು ಕೇಳಿ. ವರದಿ ಬಂದಾಗ ಸೋರಿಕೆ ಪರೀಕ್ಷೆಯ ಪುಟದ ನಕಲನ್ನೂ ಕೇಳಿ ಪಡೆಯಿರಿ.